‘ಈಗ’ ಎಂಬುದು ಎಷ್ಟು ಅಗಲ?

ಕೇಳುಗರೆಲ್ಲರಿಗೂ ನಮಸ್ಕಾರ.

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ಕಂಡವರಿಗೆ ಆ ಕೂಗು ಗೊತ್ತು. 15 ಕೆಜಿ ಬಾಕ್ಸುಗಳ ಸಾಲು, ಸುತ್ತ ವ್ಯಾಪಾರಿಗಳು, ಒಂದು ಪಕ್ಕದಲ್ಲಿ ಬೆಳೆದ ರೈತರು. ‘ಮುನ್ನೂರು, ಮುನ್ನೂರ ಹತ್ತು, ಮುನ್ನೂರ ಇಪ್ಪತ್ತು’ ಎಂದು ದರ ಏರುತ್ತದೆ. ಎಲ್ಲೋ ಒಂದು ಕಡೆ ನಿಂತು, ‘ಒಂದ್ಸಾರಿ, ಎರಡ್ಸಾರಿ’ ಶುರುವಾಗುತ್ತದೆ.

ಆ ‘ಎರಡ್ಸಾರಿ’ಯೊಂದನ್ನೇ ಹಿಡಿದುಕೊಳ್ಳೋಣ. ಅದು ಕಿವಿಗೆ ಬೀಳುವ ಹೊತ್ತಿಗೆ ‘ಒಂದ್ಸಾರಿ’ ಮುಗಿದಿದೆ. ಆದರೂ ಆ ರೈತರ ಪಾಲಿಗೆ ಅದು ಹೋಗಿಬಿಟ್ಟಿಲ್ಲ. ಅವರೇನೂ ಅದನ್ನು ನೆನಪು ಮಾಡಿಕೊಳ್ಳುತ್ತಿಲ್ಲ, ಅಷ್ಟು ಪುರುಸೊತ್ತಾದರೂ ಎಲ್ಲಿದೆ? ಮುಗಿದ ಕೂಗು ಈಗಿನ ಕೂಗಿಗೆ ಅಂಟಿಕೊಂಡೇ ಬಂದಿದೆ. ‘ಮೂರ್ಸಾರಿ’ ಇನ್ನೂ ಬಂದಿಲ್ಲ, ಆದರೆ ಕಿವಿ ಆಗಲೇ ಅದರ ಕಡೆಗೆ ವಾಲಿದೆ. ಅಷ್ಟರಲ್ಲಿ ಹಿಂದಿನಿಂದ ಯಾರೋ ‘ಮುನ್ನೂರ ಐವತ್ತು’ ಅಂದರೆ ಎಲ್ಲರೂ ತಟ್ಟನೆ ತಿರುಗುತ್ತಾರೆ. ಕಾದದ್ದು ಬಾರದೆ ಬೇರೇನೋ ಬಂದಾಗಲೇ, ನಾವು ಕಾದಿದ್ದೆವೆಂಬುದು ನಮಗೆ ತಿಳಿಯುವುದು.

ಅನುಭವ ಹೇಗೆ ತೋರುತ್ತದೋ ಹಾಗೇ ವಿವರಿಸಲು ಹೊರಟ ತತ್ತ್ವಶಾಸ್ತ್ರ ಫಿನಾಮಿನಾಲಜಿ. ಅದನ್ನು ಕಟ್ಟಿದ ಎಡ್ಮಂಡ್ ಹುಸ್ಸರ್ಲ್ 1905ರಲ್ಲಿ ಜರ್ಮನಿಯ ಗಟ್ಟಿಂಗನ್‌ನಲ್ಲಿ ಪಾಠ ಮಾಡುತ್ತ ಇದನ್ನೇ ಬಿಡಿಸಿಟ್ಟರು. ಅವರು ಆರಿಸಿಕೊಂಡದ್ದು ಹಾಡಿನ ಮಟ್ಟನ್ನು. ಮುಗಿದ ಸ್ವರ ಪೂರ್ತಿ ಅಳಿಸಿಹೋದರೆ ಕೇಳುವುದು ಬಿಡಿಬಿಡಿ ಸ್ವರ. ಹಾಗೇ ಮೊಳಗುತ್ತ ಉಳಿದರೆ ಬರೀ ಗದ್ದಲ. ಎರಡೂ ಆಗದೆ ಮಟ್ಟು ಮಟ್ಟಾಗಿಯೇ ಕೇಳುತ್ತದೆ. ಹಾಗಾಗಿ ‘ಈಗ’ ಎಂಬುದು ಸೂಜಿಮೊನೆಯಲ್ಲ. ಇದೀಗ ಕಳೆದದ್ದು, ಇನ್ನೇನು ಬರುವುದು, ಎರಡೂ ಅದರೊಳಗಿವೆ. ಮೊದಲನೆಯದಕ್ಕೆ ಅವರು ರಿಟೆನ್ಷನ್ ಎಂದರು, ಎರಡನೆಯದಕ್ಕೆ ಪ್ರೊಟೆನ್ಷನ್.

ಅವರ ಗುರು ಬ್ರೆಂಟಾನೊ, ಇದೀಗ ಕಳೆದದ್ದನ್ನು ಕಲ್ಪನೆ ಒದಗಿಸುತ್ತದೆ ಎಂದಿದ್ದರು. ಶಿಷ್ಯ ಒಪ್ಪಲಿಲ್ಲ. ನನಗೂ ಶಿಷ್ಯನ ಮಾತೇ ಸರಿಯೆನಿಸುತ್ತದೆ. ಅದೇ ರೈತರು ರಾತ್ರಿ ಶ್ರೀನಿವಾಸಪುರದ ಕಡೆಯ ತಮ್ಮ ಮನೆಯಲ್ಲಿ ಕೂತು ಹರಾಜಿನ ಕಥೆ ಹೇಳುವಾಗ ಅದು ನಿಜವಾದ ನೆನಪು. ಬೇಕಾದಲ್ಲಿ ನಿಲ್ಲಿಸಬಹುದು, ಮತ್ತೆ ಮೊದಲಿಂದ ಹೇಳಬಹುದು. ರಿಟೆನ್ಷನ್ ನಮ್ಮ ಮಾತು ಕೇಳುವುದಿಲ್ಲ, ತನ್ನಷ್ಟಕ್ಕೇ ಹಿಂದೆ ಸರಿಯುತ್ತ ಮಸುಕಾಗುತ್ತದೆ.

ಈ ಉಪನ್ಯಾಸಗಳು ಅಚ್ಚಾದದ್ದು 1928ರಲ್ಲಿ. ಸಂಪಾದಕರೆಂದು ತತ್ತ್ವಜ್ಞಾನಿ ಹೈಡೆಗ್ಗರ್ ಹೆಸರಿದೆ. ಆದರೆ ಹಸ್ತಪ್ರತಿಗಳನ್ನು ಜೋಡಿಸಿ ಒಪ್ಪಗೊಳಿಸಿದ ದೊಡ್ಡ ದುಡಿಮೆ ಹುಸ್ಸರ್ಲ್ ಅವರ ಸಹಾಯಕಿಯಾಗಿದ್ದ ಎಡಿತ್ ಸ್ಟೈನ್ ಅವರದು. ಆ ಹೆಣ್ಣುಮಗಳ ಹೆಸರು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ಇನ್ನೊಂದು ಪ್ರಶ್ನೆಯಿದೆ. ಹೀಗೆ ಬಂದು ಸರಿಯುತ್ತಲೇ ಇರುವ ಅನುಭವದ ಹರಿವು ಇದೆಯೆಂದು ಅರಿಯುವುದು ಯಾವುದು? ಅದಕ್ಕೆ ಬೇರೊಂದು ಅರಿವು ಬೇಕೆಂದರೆ, ಆ ಅರಿವಿಗೆ ಮತ್ತೊಂದು ಬೇಕು, ಅದಕ್ಕೆ ಕೊನೆಯಿಲ್ಲ. ಹರಿವು ತನಗೆ ತಾನೇ ತೋರುತ್ತದೆ ಎಂಬುದು ಹುಸ್ಸರ್ಲ್ ಉತ್ತರ. ವೇದಾಂತ ಕೇಳಿ ಬೆಳೆದ ನಮ್ಮ ಕಡೆಯ ಹಿರಿಯರು ‘ಇದು ನಮ್ಮ ಸಾಕ್ಷಿಯೇ ಅಲ್ಲವೇ’ ಎಂದು ಕೇಳಿಯಾರು. ಅದ್ವೈತದ ಸಾಕ್ಷಿ, ಎಂದರೆ ಎಲ್ಲವನ್ನೂ ಸುಮ್ಮನೆ ನೋಡುವ ಅರಿವು, ಬದಲಾಗುವುದಿಲ್ಲ, ಬಂದುಹೋಗುವುದು ವೃತ್ತಿಗಳು, ಎಂದರೆ ಮನಸ್ಸಿನ ಅಲೆಗಳು ಮಾತ್ರ. ಈ ಉಪನ್ಯಾಸಗಳಲ್ಲಾದರೋ ಹರಿವನ್ನು ಬಿಟ್ಟು ಆಚೆ ನಿಂತು ನೋಡುವವರಿಲ್ಲ. ಎರಡನ್ನೂ ಆತುರದಿಂದ ಒಂದೇ ಎಂದುಬಿಟ್ಟರೆ ಶಂಕರರಿಗೂ ಅನ್ಯಾಯ, ಹುಸ್ಸರ್ಲ್ ಅವರಿಗೂ ಅನ್ಯಾಯ.

ನಮಸ್ಕಾರ.