ಬಿಲ್ ವಾಲ್ಟನ್: ರಿಬೌಂಡ್‌ನಿಂದ ಮೈಕಿನವರೆಗೆ

ಎಲ್ಲರಿಗೂ ನಮಸ್ಕಾರ.

ಮಾಜಿ ಆಟಗಾರರನ್ನು ಕಾಮೆಂಟರಿಗೆ ಕೂರಿಸುವ ವಿಚಾರ ಬಂದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: ‘ಆಟ ಗೊತ್ತು, ಮಾತು ಹುಟ್ಟಿನಿಂದಲೇ ಬಂದಿದೆ, ಇನ್ನೇನು ಬೇಕು?’ ಈ ಮಾತನ್ನು ಬೇರುಸಹಿತ ಕಿತ್ತುಹಾಕಬೇಕು ಅನ್ನುವುದೇ ಇವತ್ತಿನ ನನ್ನ ಹಟ. ಅದಕ್ಕೆ ಆರಿಸಿಕೊಂಡಿರುವುದು ಬಿಲ್ ವಾಲ್ಟನ್ ಅವರನ್ನು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಪ್ರಸಾರದಲ್ಲಿ ಅವರಷ್ಟು ಮಾತಾಡಿದವರು ಕಡಿಮೆ. ಆದರೆ 28 ವರ್ಷ ತುಂಬುವ ತನಕ ಅವರು ವಿಪರೀತ ಉಗ್ಗುತ್ತಿದ್ದರು. ಪತ್ರಕರ್ತರನ್ನು ಕಂಡರೆ ದೂರ ಸರಿಯುತ್ತಿದ್ದರು. ಹುಟ್ಟಿನಿಂದ ಬಂದ ಮಾತು ಅಂದರೆ ಇದೇ ಏನು?

ಅವರ ಆಟದ ಹಿನ್ನೆಲೆ ನಿಮಗೆ ಗೊತ್ತಿದೆ. 1952ರಲ್ಲಿ ಕ್ಯಾಲಿಫೋರ್ನಿಯಾದ ಲಾ ಮೆಸಾದಲ್ಲಿ ಹುಟ್ಟು, ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಕೋಚ್ ಜಾನ್ ವುಡನ್ ಅವರ ಶಿಷ್ಯತ್ವ, 1972 ಮತ್ತು 1973ರ ಕಾಲೇಜು ಚಾಂಪಿಯನ್‌ಶಿಪ್, ತಂಡದ ಸತತ 88 ಗೆಲುವಿನ ಸರಣಿಯಲ್ಲಿ ಪಾಲು. 1973ರ ಫೈನಲ್‌ನಲ್ಲಿ ಮೆಂಫಿಸ್ ಸ್ಟೇಟ್ ವಿರುದ್ಧ 22 ಹೊಡೆತಗಳಲ್ಲಿ 21 ಬುಟ್ಟಿಗೆ ಹಾಕಿ 44 ಅಂಕ ಗಳಿಸಿದ್ದು ಇವತ್ತಿಗೂ ನಂಬಲು ಕಷ್ಟವಾಗುವ ಲೆಕ್ಕ. ಇದೆಲ್ಲ ಬಿಡಿ. ನಾನು ಹೇಳಬೇಕಾದದ್ದು ಕಾಲುಚೀಲದ ವಿಷಯ.

ನಗಬೇಡಿ. ವುಡನ್ ಅವರ ಶಿಬಿರದ ಮೊದಲ ಪಾಠ ಅದೇ. ಪ್ರೌಢಶಾಲೆಯಲ್ಲಿ ದೇಶಕ್ಕೇ ಹೆಸರಾಗಿ ಬಂದ ಹುಡುಗರು ಬೆಂಚಿನ ಮೇಲೆ ಸಾಲಾಗಿ ಕೂತಿದ್ದಾರೆ, ಮಹಾಗುರು ಏನೋ ಗುಟ್ಟು ಹೇಳಿಕೊಡುತ್ತಾರೆ ಎಂದು ಕಾಯುತ್ತಿದ್ದಾರೆ. ಗುರುಗಳು ಬೂಟು ಬಿಚ್ಚಿಸುತ್ತಾರೆ. ಕಾಲುಚೀಲ ಏರಿಸುವಾಗ ಹಿಮ್ಮಡಿಯ ಹತ್ತಿರ, ಕಿರುಬೆರಳಿನ ಪಕ್ಕ ಕೈಯಾಡಿಸಿ ಸುಕ್ಕು ತೆಗೆಯಬೇಕು. ಚೀಲ ಜಾರದಂತೆ ಮೇಲಕ್ಕೆ ಹಿಡಿದುಕೊಂಡೇ ಬೂಟಿಗೆ ಕಾಲು ತೂರಿಸಬೇಕು. ಲೇಸನ್ನು ಮೇಲಿಂದ ಒಂದೇ ಸಲ ಎಳೆದರೆ ಕೆಳಗಿನ ತೂತುಗಳಲ್ಲಿ ಸಡಿಲ ಉಳಿಯುತ್ತದೆ. ಹಾಗಾಗಿ ಬೂಟಿನ ಬಾಯಿ ಅಗಲಿಸಿ, ಕೆಳಗಿನ ತೂತಿನಿಂದ ಒಂದೊಂದಾಗಿ ಬಿಗಿ ಮಾಡುತ್ತ ಬರಬೇಕು. ಕೊನೆಗೆ ಎರಡು ಗಂಟು. ಯಾಕೆ? ಸುಕ್ಕು ಉಳಿದರೆ ಚರ್ಮ ಉಜ್ಜುತ್ತದೆ, ಉಜ್ಜಿದಲ್ಲಿ ಗುಳ್ಳೆ ಏಳುತ್ತದೆ, ಗುಳ್ಳೆ ಎದ್ದವನು ಎರಡು ದಿನ ಅಭ್ಯಾಸಕ್ಕೆ ಇಲ್ಲ. ಲೇಸು ಬಿಚ್ಚಿಕೊಂಡರೆ ಆಟದ ನಡುವೆ ಎಡವುತ್ತಾನೆ. ಈ ಪಾಠವನ್ನು ವಾಲ್ಟನ್ ಜೀವನಪೂರ್ತಿ ಹೇಳಿಕೊಂಡು ತಿರುಗಿದರು. ಮೊದಲು ಹುಡುಗರೆಲ್ಲ ‘ಇದೇನಿದು’ ಎಂದು ಮುಖಮುಖ ನೋಡಿಕೊಂಡರಂತೆ. ಯಾವುದನ್ನೇ ಕಲಿಯಬೇಕಾದರೂ ತುಂಡು ತುಂಡು ಮಾಡಿ, ಪ್ರತಿ ತುಂಡಿಗೂ ಕಾರಣ ಹುಡುಕಿ, ಆಮೇಲೆ ಜೋಡಿಸಬೇಕು ಎಂಬುದು ಅವರ ತಲೆಗೆ ಇಳಿದದ್ದು ಅಲ್ಲಿ. ಮುಂದೆ ಮಾತಿನ ವಿಷಯದಲ್ಲಿ ಇದೇ ಕೆಲಸಕ್ಕೆ ಬಂತು. ಅದಕ್ಕೇ ಇಷ್ಟು ಉದ್ದ ಹೇಳಿದೆ.

ಇನ್ನು ಅವರ ನಿಜವಾದ ವಿದ್ಯೆ, ಔಟ್‌ಲೆಟ್ ಪಾಸ್. ಎದುರಾಳಿಯ ಹೊಡೆತ ಬುಟ್ಟಿ ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದು ರಿಬೌಂಡ್, ಹಿಡಿದ ಕೂಡಲೇ ಮುಂದೆ ಓಡುವ ಜೊತೆಗಾರನಿಗೆ ಎಸೆಯುವುದು ಔಟ್‌ಲೆಟ್ ಪಾಸ್. ರಿಬೌಂಡ್ ಹಿಡಿದ ಎತ್ತರದ ಆಟಗಾರ ಸಾಮಾನ್ಯವಾಗಿ ಮಾಡುವ ತಪ್ಪು ಚೆಂಡನ್ನು ಸೊಂಟದ ಮಟ್ಟಕ್ಕೆ ಇಳಿಸುವುದು. ಇಳಿಸಿದ ಕೂಡಲೇ ಎದುರಾಳಿ ಗಾರ್ಡ್, ಅಂದರೆ ಹೊರಗಿನಿಂದ ಆಡುವ ಚುರುಕು ಆಟಗಾರ, ಕೆಳಗಿಂದ ಕೈಹಾಕಿ ತಟ್ಟಿಬಿಡುತ್ತಾನೆ. ಕೈಹಾಕದಿದ್ದರೂ ಚೆಂಡನ್ನು ಮತ್ತೆ ಮೇಲೆತ್ತುವಷ್ಟರಲ್ಲಿ ಎದುರಾಳಿಗಳು ಹಿಂದಕ್ಕೆ ಓಡಿ ರಕ್ಷಣೆಗೆ ನಿಂತಿರುತ್ತಾರೆ, ವೇಗದ ದಾಳಿ ಸತ್ತಂತೆಯೇ. ವಾಲ್ಟನ್ ಚೆಂಡನ್ನು ಗಲ್ಲದ ಮೇಲೆಯೇ ಇಟ್ಟುಕೊಳ್ಳುತ್ತಿದ್ದರು. ಗಾಳಿಯಲ್ಲಿರುವಾಗಲೇ ಮೈಯನ್ನು ಪಕ್ಕದ ಗೆರೆಯ ಕಡೆಗೆ ತಿರುಗಿಸುತ್ತಿದ್ದರು. ಕಾಲು ನೆಲ ಮುಟ್ಟುವ ಹೊತ್ತಿಗೆ ಎರಡೂ ಕೈಯಿಂದ ಬಿಟ್ಟ ಚೆಂಡು ಅಂಕಣದ ಮಧ್ಯ ದಾಟುತ್ತಿತ್ತು. ಅಂದರೆ ಚೆಂಡು ಎಲ್ಲಿಗೆ ಹೋಗಬೇಕೆಂಬ ತೀರ್ಮಾನ ಚೆಂಡು ಕೈಗೆ ಬರುವ ಮೊದಲೇ ಆಗಿರುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮೈಕಿನ ಮುಂದೆಯೂ ಬೇಕಾದದ್ದು ಇದೇ.

1974ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಾಗ, ಪೋರ್ಟ್‌ಲ್ಯಾಂಡ್ ಟ್ರೇಲ್ ಬ್ಲೇಜರ್ಸ್ ಅವರನ್ನು ಮೊದಲನೆಯವರಾಗಿ ಆರಿಸಿತು. 1977ರ ಫೈನಲ್‌ನಲ್ಲಿ ಫಿಲಡೆಲ್ಫಿಯಾ ಎದುರು ಮೊದಲ ಎರಡು ಪಂದ್ಯ ಸೋತು, ಮುಂದಿನ ನಾಲ್ಕನ್ನೂ ಗೆದ್ದರು. ಆರನೆಯ ಪಂದ್ಯದಲ್ಲಿ ವಾಲ್ಟನ್ 20 ಅಂಕ, 23 ರಿಬೌಂಡ್, 7 ಅಸಿಸ್ಟ್, 8 ಬ್ಲಾಕ್. ಬುಟ್ಟಿಯ ಬಳಿ ಆಡುವ ಸೆಂಟರ್ ಸ್ಥಾನದವರ 7 ಅಸಿಸ್ಟ್, ಅಂದರೆ ಜೊತೆಗಾರನ ಬುಟ್ಟಿಗೆ ದಾರಿಯಾದ ಪಾಸ್‌ಗಳ ಕಡೆ ನೋಡಿ ಅಂತ ಕೇಳಿಕೊಳ್ಳುತ್ತೇನೆ; ಜನ ಎದುರಾಳಿಯ ಹೊಡೆತ ತಡೆದ ಬ್ಲಾಕ್‌ಗಳ ಕಡೆಗೇ ನೋಡುತ್ತಾರೆ.

ಮರುವರ್ಷ ತಂಡ ಮೊದಲ 60 ಪಂದ್ಯಗಳಲ್ಲಿ 50 ಗೆದ್ದಿತ್ತು. ಆಗ ವಾಲ್ಟನ್ ಅವರ ಪಾದ ಕೈಕೊಟ್ಟಿತು. ಅವರಿಲ್ಲದೆ ಉಳಿದ 22ರಲ್ಲಿ 8 ಮಾತ್ರ ಗೆದ್ದರು. 58 ಪಂದ್ಯ ಮಾತ್ರ ಆಡಿದರೂ ಆ ವರ್ಷದ ಎಂವಿಪಿ, ಅಂದರೆ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಅವರಿಗೇ ಬಂತು. ಲೀಗ್ ಹಂತದ ನಂತರದ ನಾಕೌಟ್ ಸುತ್ತಾದ ಪ್ಲೇಆಫ್‌ನಲ್ಲಿ ಸಿಯಾಟಲ್ ವಿರುದ್ಧ ನೋವು ನಿವಾರಕ ಚುಚ್ಚುಮದ್ದು ತೆಗೆದುಕೊಂಡು ಆಡಿದರು. ಆಮೇಲೆ ಎಕ್ಸ್‌ರೇ ನೋಡಿದರೆ ಎಡ ಪಾದದ ನೆವಿಕ್ಯುಲರ್ ಮೂಳೆ ಮುರಿದಿತ್ತು. ಈ ಮೂಳೆ ಪಾದದ ಒಳಭಾಗದಲ್ಲಿ, ಕಮಾನಿನ ನೆತ್ತಿಯಲ್ಲಿ ಕೂತಿರುತ್ತದೆ. ಹಾರಿ ಇಳಿದಾಗಲೆಲ್ಲ ಎರಡು ಕಡೆಯ ಮೂಳೆಗಳು ಅದನ್ನು ನಡುವೆ ಸಿಕ್ಕಿಸಿ ಅದುಮುತ್ತವೆ. ಅದರ ಮಧ್ಯಭಾಗಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಹಾಗಾಗಿ ಬಿರುಕು ಬಿಟ್ಟರೆ ಕೂಡಿಕೊಳ್ಳುವುದು ನಿಧಾನ. ಆರಂಭದ ಬಿರುಕು ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಆರೆಂಟು ವಾರ ಕಾಲು ಊರದೆ ಪಟ್ಟಿಯಲ್ಲಿರಬೇಕಾದ ಗಾಯ ಅದು. ಚುಚ್ಚುಮದ್ದು ಅಡಗಿಸುವುದು ನೋವನ್ನು. ಆ ನೋವೇ ಕಾಲು ಊರಬೇಡ ಎಂದು ಹೇಳುತ್ತಿದ್ದ ಏಕೈಕ ಸಾಕ್ಷಿ. ಇದರ ಬಗ್ಗೆ ನನಗೆ ಇಂದಿಗೂ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ಆ ಮೇಲೆ 1978-79, 1980-81, 1981-82, ಮೂರು ಸೀಸನ್ ಪೂರ್ತಿ ಹೋದವು. 1985-86ರಲ್ಲಿ ಬಾಸ್ಟನ್ ಸೆಲ್ಟಿಕ್ಸ್‌ಗೆ ಬಂದು, ಹೆಚ್ಚಾಗಿ ಬೆಂಚಿನಿಂದ ಎದ್ದು ಬಂದು 80 ಪಂದ್ಯ ಆಡಿ, ಬದಲಿಯಾಗಿ ಇಳಿಯುವ ಅತ್ಯುತ್ತಮ ಆಟಗಾರನಿಗೆ ಕೊಡುವ ಸಿಕ್ಸ್ತ್ ಮ್ಯಾನ್ ಪ್ರಶಸ್ತಿ ಮತ್ತು ಎರಡನೆಯ ಎನ್‌ಬಿಎ ಕಿರೀಟ ಗಳಿಸಿದರು. ಮರುವರ್ಷ ಆಡಿದ್ದು 10 ಪಂದ್ಯ, ಅಲ್ಲಿಗೆ ಮುಗಿಯಿತು. ಒಟ್ಟು 468 ಪಂದ್ಯ.

ಈಗ ಮಾತಿನ ವಿಷಯ. 28ನೇ ವಯಸ್ಸಿನಲ್ಲಿ ಅವರಿಗೆ ಮಾರ್ಟಿ ಗ್ಲಿಕ್‌ಮನ್ ಸಿಕ್ಕಿದರು. ಈ ಹೆಸರು ನೆನಪಿರಬೇಕು: 1936ರ ಬರ್ಲಿನ್ ಒಲಿಂಪಿಕ್ಸ್‌ನ ರಿಲೇ ತಂಡದಿಂದ, ಯಹೂದಿಯಾಗಿದ್ದ ಅವರನ್ನೂ ಸ್ಯಾಮ್ ಸ್ಟೋಲರ್ ಅವರನ್ನೂ ಕೊನೆಗಳಿಗೆಯಲ್ಲಿ ಕೈಬಿಡಲಾಗಿತ್ತು. ಮುಂದೆ ನ್ಯೂಯಾರ್ಕ್‌ನ ಹೆಸರಾಂತ ಕ್ರೀಡಾ ಕಾಮೆಂಟೇಟರ್ ಆದರು. ಅವರು ವಾಲ್ಟನ್‌ಗೆ ಮನಗಾಣಿಸಿದ್ದು ಇಷ್ಟು: ಮಾತಾಡುವುದು ಒಂದು ಕೌಶಲ, ಆಟ ಕಲಿತ ಹಾಗೆಯೇ ಅದನ್ನೂ ಕಲಿಯಬೇಕು.

ವಾಲ್ಟನ್ ಕಾಲುಚೀಲದ ಪಾಠಕ್ಕೆ ಮರಳಿದರು. ಯೋಚನೆಯ ಓಟ ತಗ್ಗಿಸುವುದು. ಯಾವ ಶಬ್ದದಲ್ಲಿ ನಾಲಗೆ ಸಿಕ್ಕಿಕೊಳ್ಳುತ್ತದೋ ಅದನ್ನು ಗುರುತಿಸಿ, ಅದನ್ನಷ್ಟೇ ತೆಗೆದುಕೊಂಡು ಅಭ್ಯಾಸ ಮಾಡುವುದು. ದವಡೆಯ ಸ್ನಾಯು ಗಟ್ಟಿಯಾಗಲು ಸಕ್ಕರೆಯಿಲ್ಲದ ಗಮ್ ಜಗಿಯುವುದು. ದಿನವೂ ಗಟ್ಟಿಯಾಗಿ ಓದುವುದು. ಮಾತಾಡುವ ಸಂದರ್ಭ ತಪ್ಪಿಸಿಕೊಳ್ಳದೆ ತಾನೇ ಹುಡುಕಿಕೊಂಡು ಹೋಗುವುದು. ಉಗ್ಗಿನ ಕಾಯಿಲೆಗೆ ಇದೊಂದೇ ಮದ್ದು ಎಂದು ನಾನು ಹೇಳುತ್ತಿಲ್ಲ. ಒಬ್ಬೊಬ್ಬರಿಗೆ ಒಂದೊಂದು ದಾರಿ, ತಜ್ಞರೂ ಇದ್ದಾರೆ. ಮಾತು ಕಲಿತದ್ದೇ ನನ್ನ ದೊಡ್ಡ ಸಾಧನೆ, ಅದೇ ನಿಮ್ಮ ಪಾಲಿನ ದುಃಸ್ವಪ್ನ ಎಂದು ವಾಲ್ಟನ್ ತಮಾಷೆ ಮಾಡುತ್ತಿದ್ದರು. ಆ ತಮಾಷೆಯಲ್ಲೂ ‘ಕಲಿತದ್ದು’ ಎಂದೇ ಹೇಳಿದರು, ಗಮನಿಸಿ.

ಮುಖ್ಯ ಕಾಮೆಂಟೇಟರ್ ಪಕ್ಕ ಕೂರುವ ವಿಶ್ಲೇಷಕನ ಕೆಲಸ ಏನು ಎಂಬುದು ಇಲ್ಲಿ ಸ್ಪಷ್ಟವಾಗಬೇಕು. ಚೆಂಡು ಓಡುತ್ತಿರುವಾಗ ಮಾತು ಮುಖ್ಯ ಕಾಮೆಂಟೇಟರ್‌ದು: ಯಾರ ಕೈಯಲ್ಲಿ, ಎಲ್ಲಿ, ಎಷ್ಟು ಅಂಕ. ಬುಟ್ಟಿ ಬಿದ್ದ ಮೇಲೆ ಚೆಂಡನ್ನು ಒಳಗೆಸೆಯಲು 5 ಸೆಕೆಂಡು, ಮಧ್ಯಗೆರೆ ದಾಟಿಸಲು 8 ಸೆಕೆಂಡು, ಶಾಟ್ ಕ್ಲಾಕ್, ಅಂದರೆ ಬುಟ್ಟಿಗೆ ಹೊಡೆಯಲು ಇರುವ ಸಮಯ, 24 ಸೆಕೆಂಡು, ಇವು ಎನ್‌ಬಿಎ ಮಿತಿಗಳು. ಲೆಕ್ಕ ಹಾಕಿದರೆ ವಿಶ್ಲೇಷಕನಿಗೆ ನಿರಾಳವಾಗಿ ಸಿಗುವುದು ಏಳೆಂಟು ಸೆಕೆಂಡು. ಫೌಲ್‌ಗೆ ಪರಿಹಾರವಾಗಿ ಸಿಗುವ ಫ್ರೀ ಥ್ರೋ ಬಂದರೆ ಸ್ವಲ್ಪ ಹೆಚ್ಚು. ಆ ಹೊತ್ತಿನಲ್ಲಿ ಕಿವಿಯ ಹೆಡ್‌ಸೆಟ್‌ನಲ್ಲಿ ನಿರ್ಮಾಪಕ ಮಾತಾಡುತ್ತಿರುತ್ತಾನೆ, ಎದುರಿನ ಮಾನಿಟರ್‌ನಲ್ಲಿ ರೀಪ್ಲೇ ಶುರುವಾಗಿರುತ್ತದೆ. ರೀಪ್ಲೇ ಓಡುವಾಗ ಅಂಕಣ ನೋಡುತ್ತ ಮಾತಾಡಿದರೆ ಮಾತು ಒಂದು ಕಡೆ, ಚಿತ್ರ ಒಂದು ಕಡೆ. ಬಾಯಿ ತೆರೆಯುವ ಮೊದಲೇ ವಾಕ್ಯದ ಕೊನೆ ಗೊತ್ತಿರಬೇಕು. ಔಟ್‌ಲೆಟ್ ಪಾಸ್ ನೆನಪಿದೆಯಲ್ಲ?

ಒಂದೇ ಉದಾಹರಣೆ. ಜೊತೆಗಾರ ಡಿಫೆಂಡರ್‌ಗೆ ಅಡ್ಡ ನಿಂತು ಆಮೇಲೆ ಬುಟ್ಟಿಯ ಕಡೆ ಓಡುವ ಪಿಕ್ ಅಂಡ್ ರೋಲ್ ಆಗಿ ಗಾರ್ಡ್ ನಡುದೂರದಿಂದ ಬುಟ್ಟಿಗೆ ಹಾಕಿದ. ‘ಎಂಥ ಹೊಡೆತ!’ ಎಂದರೆ ಅದು ವಿಶ್ಲೇಷಣೆಯಲ್ಲ, ಅದನ್ನು ನೋಡುಗನೇ ಕಂಡಿದ್ದಾನೆ. ಅವನ ಕಣ್ಣು ಚೆಂಡಿನ ಹಿಂದೆ ಹೋಗಿದ್ದರಿಂದ ಅವನು ಕಾಣದ್ದು ಬೇರೆ: ಎತ್ತರದ ಡಿಫೆಂಡರ್ ಎರಡು ಹೆಜ್ಜೆ ಹಿಂದೆ ಸರಿದ, ಏಕೆಂದರೆ ಒಳಗೆ ಓಡಿದವನ ಭಯ, ಮೂಲೆಯ ಡಿಫೆಂಡರ್ ಸಹಾಯಕ್ಕೆ ಬರಲಿಲ್ಲ, ಏಕೆಂದರೆ ಮೂಲೆಯಲ್ಲಿ ಮೂರು ಅಂಕದ ಹೊಡೆತಗಾರ ನಿಂತಿದ್ದ. ಗಾರ್ಡ್‌ಗೆ ಸಿಕ್ಕ ಜಾಗ ಅಲ್ಲಿಂದ ಬಂತು. ಇಷ್ಟನ್ನು ಏಳು ಸೆಕೆಂಡಿನಲ್ಲಿ ಹೇಳಬೇಕು. ಕೆಡುವುದು ಎಲ್ಲಿ ಎಂದರೆ, ಮುಖ್ಯ ಕಾಮೆಂಟೇಟರ್ ಹೇಳಿದ್ದನ್ನೇ ಮತ್ತೆ ಹೇಳುವುದು, ಶಾಟ್ ಕ್ಲಾಕ್ 6ಕ್ಕೆ ಬಂದಾಗ ಹಳೆಯ ಕತೆ ತೆಗೆಯುವುದು, ಶಿಳ್ಳೆಯ ಮೇಲೆ ಮಾತಾಡಿ ಯಾವ ಫೌಲ್ ಎಂಬುದನ್ನೇ ನುಂಗಿಬಿಡುವುದು.

ಗಡಿಯಾರ ನನ್ನನ್ನೂ ನೋಡುತ್ತಿದೆ, ಬೇಗ ಮುಗಿಸುತ್ತೇನೆ. 1990ರಿಂದ ವಾಲ್ಟನ್ ಪ್ರಸಾರಕ್ಕೆ ಬಂದರು. ಲಾಸ್ ಏಂಜಲೀಸ್ ಕ್ಲಿಪ್ಪರ್ಸ್ ತಂಡದ ಪಂದ್ಯಗಳಲ್ಲಿ ರಾಲ್ಫ್ ಲಾಲರ್ ಜೊತೆ, ಎನ್‌ಬಿಸಿ ವಾಹಿನಿಯಲ್ಲಿ ಸ್ಟೀವ್ ಜೋನ್ಸ್ ಜೊತೆ. ಜೋನ್ಸ್ ಅವರೊಂದಿಗಿನ ಜಗಳ ಪ್ರಸಿದ್ಧ. ಒಬ್ಬರ ಅತಿಶಯೋಕ್ತಿಗೆ ಇನ್ನೊಬ್ಬರು ಪುರಾವೆ ಕೇಳುತ್ತಿದ್ದರು, ಆ ತಿಕ್ಕಾಟದಲ್ಲೇ ನೋಡುಗನಿಗೆ ಆಟ ಬಿಚ್ಚಿಕೊಳ್ಳುತ್ತಿತ್ತು. ‘ಬಡಿದುಹಾಕು, ದೈತ್ಯಾ, ಬಡಿದುಹಾಕು’ ಎಂಬರ್ಥದ ವಾಲ್ಟನ್ ಅವರ ಕೂಗು, ಚೆಂಡನ್ನು ಮೇಲಿಂದ ಬುಟ್ಟಿಗೆ ಬಡಿಯುವ ಡಂಕ್‌ಗಿಂತ ಮೊದಲೇ ಬರುತ್ತಿತ್ತು. 1993ರಲ್ಲಿ ಬ್ಯಾಸ್ಕೆಟ್‌ಬಾಲ್‌ನ ಹಾಲ್ ಆಫ್ ಫೇಮ್ ಗೌರವ. 2002ರಿಂದ ಇಎಸ್‌ಪಿಎನ್, ಎಬಿಸಿ ವಾಹಿನಿಗಳು. 2009ರಲ್ಲಿ ಬೆನ್ನುಮೂಳೆಯ ದೊಡ್ಡ ಶಸ್ತ್ರಚಿಕಿತ್ಸೆ, ಮತ್ತೆ ಮೈಕಿಗೆ ವಾಪಸು. ಕೊನೆಯ ವರ್ಷಗಳಲ್ಲಿ ಪಶ್ಚಿಮ ಅಮೆರಿಕದ ಪ್ಯಾಕ್-12 ಕೂಟದ ಕಾಲೇಜು ಪಂದ್ಯಗಳಲ್ಲಿ ಡೇವ್ ಪಾಶ್ ಪಕ್ಕ ಕೂತು, ನಾನು ಈಗ ಹೇಳಿದ ನಿಯಮಗಳನ್ನೆಲ್ಲ ಮುರಿದರು. ಆಟ ನಡೆಯುವಾಗ ಜ್ವಾಲಾಮುಖಿ, ನದಿ, ಸೈಕಲ್ ಸವಾರಿ, ಗ್ರೇಟ್‌ಫುಲ್ ಡೆಡ್ ತಂಡದ ಸಂಗೀತ, ಎಲ್ಲವೂ ಬಂದವು. ‘ಆಟದ ಬಗ್ಗೆ ಹೇಳಪ್ಪಾ’ ಎಂದು ಬೇಸತ್ತವರ ದೂರು ನ್ಯಾಯವಾದದ್ದೇ. ಆದರೆ ವಾಲ್ಟನ್ ನಿಯಮ ಕಲಿತ ಮೇಲೆ ಮುರಿದವರು; ನಿಯಮ ಕಲಿಯುವ ಮೊದಲೇ ಅವರನ್ನು ಅನುಕರಿಸಲು ಹೊರಟವರಿಗೆ ಸಿಕ್ಕುವುದು ಬರೀ ಗದ್ದಲ. ಅವರು 2024ರ ಮೇ 27ರಂದು ತೀರಿಕೊಂಡರು.

ಕಾಮೆಂಟರಿಗೆ ಬರಬೇಕೆಂದಿರುವವರಿಗೆ ಕೊನೆಯದಾಗಿ ಒಂದು ಕೆಲಸ. ಯಾವುದಾದರೂ ಪಂದ್ಯದ ಧ್ವನಿ ಅಡಗಿಸಿ ನೋಡಿ. ಒಂದು ಬುಟ್ಟಿ ಬಿದ್ದ ಕೂಡಲೇ, ಅದು ಯಾಕೆ ಬಿತ್ತು ಎಂದು ಎದುರಾಳಿ ಮಧ್ಯಗೆರೆ ದಾಟುವಷ್ಟರಲ್ಲಿ ಹೇಳಿ ಮುಗಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಕೇಳಿಸಿಕೊಂಡು ಬರೆದಿಡಿ. ಚಿತ್ರದಲ್ಲೇ ಕಂಡದ್ದನ್ನು ಹೇಳಿದ ವಾಕ್ಯಗಳನ್ನೆಲ್ಲ ಹೊಡೆದುಹಾಕಿ, ಎಷ್ಟು ಉಳಿಯುತ್ತದೆ ನೋಡಿ. ಪ್ರಶ್ನೆಗಳಿದ್ದರೆ ಕೇಳಿ.