ಹೊನ್ನೆ ಮರ ಕಡಿಸಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಕರಾವಳಿಯ ಔಷಧಿ ಗಿಡಗಳ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ಹತ್ತಾರು ಹೆಸರು ಹೇಳಬಹುದು. ಆದರೆ ನಾನು ಒಂದೇ ಮರ ಹಿಡಿದುಕೊಳ್ಳುತ್ತೇನೆ, ಹೊನ್ನೆ. ನಿಮ್ಮ ಹಿತ್ತಲಲ್ಲೋ ಹೊಳೆ ದಂಡೆಯಲ್ಲೋ ಹೊನ್ನೆ ಮರ ಇದ್ದರೆ ದಯವಿಟ್ಟು ಕಡಿಸಬೇಡಿ. ಇದನ್ನು ಹೇಳೋಕೇ ಇವತ್ತು ಬಂದಿದ್ದೇನೆ.

ಘಟ್ಟದ ಮೇಲಿನವರು ಹೊನ್ನೆ ಅಂದರೆ ಬಾಗಿಲು, ಕಿಟಕಿ ಮಾಡುವ ಹೊನ್ನೆ ಅಂದುಕೊಳ್ಳುತ್ತಾರೆ. ಅದು ಬೇರೆ ಮರ. ನಾನು ಹೇಳುವುದು ಕುಮಟಾ, ಹೊನ್ನಾವರ, ಕುಂದಾಪುರದ ಕಡೆ ಉಪ್ಪುಗಾಳಿಯಲ್ಲೇ ಬೆಳೆಯುವ ಮರ. ದಪ್ಪನೆಯ, ಹೊಳೆಯುವ ಎಲೆ. ಬೆಳಕಿಗೆ ಹಿಡಿದು ನೋಡಿ, ಬಾಚಣಿಗೆ ಹಲ್ಲಿನ ಹಾಗೆ ಒತ್ತೊತ್ತಾಗಿ ಗೆರೆಗಳು ಕಾಣುತ್ತವೆ. ಬಿಳಿ ಹೂ, ನಡುವೆ ಹಳದಿ ಕೇಸರ. ಕಾಯಿ ದೊಡ್ಡ ಗೋಲಿಯಷ್ಟು.

ಸೀಮೆಎಣ್ಣೆ ಬರುವ ಮೊದಲು ಕರಾವಳಿಯ ಮನೆಗಳಲ್ಲಿ ಉರಿಯುತ್ತಿದ್ದದ್ದು ಹೊನ್ನೆಣ್ಣೆ ದೀಪ. ನಮ್ಮ ಅಜ್ಜಿ ಬಿದ್ದ ಕಾಯಿ ಹೆಕ್ಕಿ, ಚಿಪ್ಪು ಒಡೆದು, ತಿರುಳನ್ನು ಅಂಗಳದಲ್ಲಿ ಹರವುತ್ತಿದ್ದರು. ಹಸಿ ತಿರುಳು ಹಿಂಡಿದರೆ ಎಣ್ಣೆ ಬರುವುದೇ ಇಲ್ಲ. ವಾರಗಟ್ಟಲೆ ಒಣಗಿ, ಕಂದು ಬಣ್ಣಕ್ಕೆ ತಿರುಗಿ, ಕೈಗೆ ಅಂಟಲು ಶುರುವಾದ ಮೇಲೇ ಗಾಣಕ್ಕೆ. ಹಸಿರು ಬಣ್ಣದ, ಗಾಟು ವಾಸನೆಯ ಆ ಎಣ್ಣೆಯನ್ನು ಕೋಳಿ ಪುಕ್ಕದಲ್ಲಿ ಅದ್ದಿ ನಮ್ಮ ಕಜ್ಜಿಗೆ ಹಚ್ಚುತ್ತಿದ್ದರು. ಮೈಗೆ ಮಾತ್ರ, ಹೊಟ್ಟೆಗಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಅಜ್ಜಿ ಸುಮ್ನೆ ಹಚ್ಚುತ್ತಿರಲಿಲ್ಲ. ಆ ಎಣ್ಣೆಯಲ್ಲಿ ರಾಳ ಇದೆ, ಕೂಮರಿನ್ ಅನ್ನುವ ವಸ್ತುಗಳಿವೆ. ಗಾಯದಲ್ಲಿ ಕೀವು ಮಾಡುವ ಸ್ಟಫೈಲೊಕಾಕಸ್ ರೋಗಾಣುವನ್ನು ಅವು ತಡೆಯುತ್ತವೆ ಅಂತ ಪ್ರಯೋಗಾಲಯದಲ್ಲಿ ತಿಳಿದುಬಂದಿದೆ.

ಈಗ ನಾನು ಹೇಳಲೇಬೇಕಾದ ಕಥೆ. 1987ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಗಾಗಿ ಜಾನ್ ಬರ್ಲಿ ಅನ್ನುವ ಸಸ್ಯವಿಜ್ಞಾನಿ ಮಲೇಷ್ಯಾದ ಸರವಾಕ್‌ನಲ್ಲಿ ಗಿಡಮರಗಳ ಮಾದರಿ ಕೂಡಿಸುತ್ತಿದ್ದರು. ಅಲ್ಲಿನ ಜೌಗು ಕಾಡಿನ ಒಂದು ಮರದ ಎಲೆ, ರೆಂಬೆ ತಂದರು. ಅದು ನಮ್ಮ ಹೊನ್ನೆಯ ದಾಯಾದಿ, ಅದೇ ಕುಲದ್ದು. ಆ ಮಾದರಿ ಸಾವಿರಾರು ಪೊಟ್ಟಣಗಳ ನಡುವೆ ತನ್ನ ಸರದಿಗೆ ಕಾಯಿತು. ಕೊನೆಗೆ ಪರೀಕ್ಷೆ ಮಾಡಿದರೆ, ಏಡ್ಸ್ ತರುವ ವೈರಸ್ಸನ್ನೇ ಅದು ತಡೆಯುತ್ತಿದೆ! ಆ ವಸ್ತುವಿಗೆ ಕ್ಯಾಲನೊಲೈಡ್ ಎ ಅಂತ ಹೆಸರಿಟ್ಟರು. ಇನ್ನಷ್ಟು ಎಲೆ ಬೇಕಿತ್ತು. ಓಡಿಹೋಗಿ ನೋಡಿದರೆ ಮರವೇ ಇಲ್ಲ. ಯಾರೋ ಕಡಿದಿದ್ದರು. ಪಕ್ಕದಲ್ಲಿದ್ದ ಅದೇ ಜಾತಿಯ ಮರಗಳನ್ನು ನೋಡಿದರು. ಅವುಗಳಲ್ಲಿ ಆ ವಸ್ತು ಇಲ್ಲ, ಇದ್ದರೂ ಇಲ್ಲದಷ್ಟು. ಕೊನೆಗೆ ಸಿಂಗಾಪುರದ ಸಸ್ಯೋದ್ಯಾನದಲ್ಲಿ, ಯಾವಾಗಲೋ ನೆಟ್ಟು ಉಳಿಸಿಕೊಂಡಿದ್ದ ಮರದಲ್ಲಿ ಸಿಕ್ಕಿತು. ಅಲ್ಲಿಂದ ಮುಂದೆ ಕೆಲಸ ಸಾಗಿ ಮನುಷ್ಯರ ಮೇಲಿನ ಪರೀಕ್ಷೆಯವರೆಗೂ ಹೋಯಿತು.

ಒಂದೇ ಜಾತಿ, ಒಂದೇ ಕಾಡು, ಆದರೂ ಒಂದು ಮರದಲ್ಲಿದ್ದದ್ದು ಇನ್ನೊಂದರಲ್ಲಿಲ್ಲ. ನಮ್ಮ ಹೊನ್ನೆಯಲ್ಲೂ ಇಂಥ ವಸ್ತುಗಳಿವೆ, ಇನೊಫಿಲಮ್ ಅಂತ ಹೆಸರು. ಅವೂ ಆ ವೈರಸ್ಸಿನ ಕೆಲಸಕ್ಕೆ ಅಡ್ಡ ಬರುತ್ತವೆ ಅಂತ 1993ರಲ್ಲೇ ವರದಿಯಾಗಿದೆ. ನಿಮ್ಮ ಊರಿನ ಮರದಲ್ಲಿ ಏನಿದೆ ಅಂತ ಯಾರು ನೋಡಿದ್ದಾರೆ? ರಸ್ತೆ ಅಗಲ ಮಾಡುವಾಗ, ಕಾಂಪೌಂಡ್ ಕಟ್ಟುವಾಗ ಹೊನ್ನೆಯನ್ನು ಕಳೆ ಕಿತ್ತ ಹಾಗೆ ಉರುಳಿಸುವುದನ್ನು ಕಂಡಾಗ ನನಗೆ ತಡೆಯೋಕಾಗುವುದಿಲ್ಲ.

ಸಮಯ ಆಗುತ್ತಾ ಬಂತು. ಮರಳಿನ ಮೇಲೆ ಹಬ್ಬುವ ಬಂಗಡೆ ಬಳ್ಳಿ, ಮೇಕೆ ಗೊರಸಿನಂಥ ಎಲೆಯದು, ಜೆಲ್ಲಿ ಮೀನು ಕುಟುಕಿದ ಜಾಗಕ್ಕೆ ಬಹಳ ಕಡೆ ಅರೆದು ಹಚ್ಚುತ್ತಾರೆ. ಅಳಿವೆಯ ಉಪ್ಪು ಕೆಸರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಮರದ ತೊಗಟೆ ಬೇಯಿಸಿದ ಒಗರು ನೀರಲ್ಲಿ ಹತ್ತಿ ಬಲೆ ಅದ್ದಿದರೆ ಬೇಗ ಕೊಳೆಯುತ್ತಿರಲಿಲ್ಲ. ಅದೂ ಸೂಕ್ಷ್ಮಜೀವಿ ತಡೆಯುವ ಗುಣವೇ, ಅಲ್ವಾ? ಇವುಗಳ ಬಗ್ಗೆ ಇನ್ನೊಮ್ಮೆ ಮಾತಾಡೋಣ.

ಇವತ್ತಿಗೆ ಹೊನ್ನೆ ಸಾಕು. ಇದ್ದ ಮರ ಕಡಿಸಬೇಡಿ. ಮರ ಇಲ್ಲದವರು ಬಲಿತು ಬಿದ್ದ ಕಾಯಿ ತನ್ನಿ. ತಿರುಳಿಗೆ ಪೆಟ್ಟಾಗದಂತೆ ಚಿಪ್ಪು ಒಡೆದು ಮಣ್ಣಿಗೆ ಹಾಕಿ. ಚಿಪ್ಪಿನ ಸಮೇತ ಹಾಕಿದರೆ ತಿಂಗಳುಗಟ್ಟಲೆ ಕಾಯಬೇಕು, ಒಡೆದು ಹಾಕಿದರೆ ಬೇಗ ಮೊಳೆಯುತ್ತದೆ. ನಮಸ್ಕಾರ.