ಅಂಜೂರದ ಹೂರಣ, ಸಕ್ಕರೆಯ ಮುಸುಕು

ಕೇಳುಗರಿಗೆ ನಮಸ್ಕಾರ.

ಡಿಸೆಂಬರ್ ಹುಟ್ಟುತ್ತಿದ್ದಂತೆ ನಮ್ಮ ಫ್ರಿಜ್ಜಿನ ಮೂಲೆಯಲ್ಲಿ ಒಂದು ಗಾಜಿನ ಭರಣಿ ಬಂದು ಕೂರುತ್ತದೆ. ಅದರೊಳಗೆ ಸಣ್ಣಗೆ ಹೆಚ್ಚಿದ ಒಣ ಅಂಜೂರ, ಒಣದ್ರಾಕ್ಷಿ, ಹುರಿದ ಬಾದಾಮಿ, ಕಿತ್ತಳೆಯ ಸಿಪ್ಪೆ, ಜೇನುತುಪ್ಪ, ದಾಲ್ಚಿನ್ನಿ, ಲವಂಗ. ಒಂದು ವಾರ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ದಿನಕ್ಕೊಮ್ಮೆ ನಾನೇ ಮುಚ್ಚಳ ತೆಗೆದು, ಒಣಗಿದ ಚಮಚದಿಂದ ತಿರುವಿ, ಮತ್ತೆ ಮುಚ್ಚಿಡುತ್ತೇನೆ. ಮುಚ್ಚಳ ತೆಗೆದ ಆ ಅರ್ಧ ನಿಮಿಷ ಮನೆಯೆಲ್ಲ ಘಮಘಮಿಸುತ್ತದೆ.

ಇದು ಇಟಲಿಯ ದಕ್ಷಿಣದ ದ್ವೀಪವಾದ ಸಿಸಿಲಿಯ ಹೂರಣ. ಅಲ್ಲಿನ ಕ್ರಿಸ್‌ಮಸ್ ಬಿಸ್ಕತ್ತಾದ ಬುಚೆಲ್ಲಾತಿಯ ಒಡಲು. ಸಿಸಿಲಿಯ ಆಡುನುಡಿಯಲ್ಲಿ ಇದನ್ನು ಕುಚ್ಚಿದಾತಿ ಎನ್ನುತ್ತಾರೆ. ಯಜಮಾನರ ಕೆಲಸದ ನಿಮಿತ್ತ ನಾವು ಮೂರು ವರ್ಷ ಪಲೆರ್ಮೋ ನಗರದಲ್ಲಿದ್ದಾಗ ಎದುರು ಮನೆಯ ಅಜ್ಜಿಯಿಂದ ನಾನು ಇದನ್ನು ಕಲಿತೆ. ನಾನು ಅವರನ್ನು ಸಿಞೋರಾ ಎನ್ನುತ್ತಿದ್ದೆ, ಅವರು ನನ್ನನ್ನು 'ಫಿಗ್ಗಿಯಾ ಮಿಯಾ', ನನ್ನ ಮಗಳೇ, ಎಂದು ಕರೆಯುತ್ತಿದ್ದರು.

ಇಟಲಿಯ ಹಬ್ಬದ ಬಿಸ್ಕತ್ತು ಎಂದರೆ ಒಂದೇ ಬಗೆ ಎಂದುಕೊಳ್ಳಬೇಡಿ. ಊರಿಗೊಂದು, ಕೇರಿಗೊಂದು. ಸಿಯೆನಾದಲ್ಲಿ ಬಾದಾಮಿ, ಸಕ್ಕರೆ, ಮೊಟ್ಟೆಯ ಬಿಳಿಭಾಗ ಸೇರಿಸಿ ಮಾಡುವ ಮೆತ್ತನೆಯ ರಿಚಾರೆಲ್ಲಿ. ನೇಪಲ್ಸ್‌ನಲ್ಲಿ ಗೋಲಿಯಷ್ಟು ಉಂಡೆಗಳನ್ನು ಕರಿದು, ಜೇನಿನಲ್ಲಿ ಹೊರಳಿಸಿ, ರಾಶಿ ಹಾಕುವ ಸ್ತ್ರುಫ್ಫೊಲಿ. ಅಬ್ರುತ್ಸೋ ಸೀಮೆಯದನ್ನು ಕೇಳಿದಾಗ ನನಗೆ ನಂಬಿಕೆಯೇ ಬರಲಿಲ್ಲ: ಅಲ್ಲಿ ಕಡಲೆಯನ್ನು ಬೇಯಿಸಿ, ನುಣ್ಣಗೆ ಮಾಡಿ, ಜೇನು, ದಾಲ್ಚಿನ್ನಿ, ಚಾಕೊಲೇಟು ಬೆರೆಸಿ, ತೆಳುವಾದ ಹಿಟ್ಟಿನ ಹಾಳೆಯಲ್ಲಿ ಅರ್ಧಚಂದ್ರದಂತೆ ಮಡಿಚಿ, ಎಣ್ಣೆಯಲ್ಲಿ ಕರಿಯುತ್ತಾರೆ. ಹೆಸರು ಕಾಜೊನೆತ್ತಿ. ನಮ್ಮ ಕರಿಗಡಬಿನ ಕಡಲೆಬೇಳೆ ಹೂರಣಕ್ಕೂ ಇದಕ್ಕೂ ಬೆಲ್ಲದಷ್ಟೇ ಅಂತರ. ಯಾರೂ ಯಾರನ್ನೂ ನೋಡಿ ಕಲಿತದ್ದಲ್ಲ. ಕಡಲೆ, ಸಿಹಿ, ಬಾಣಲೆ ಈ ಮೂರೂ ಇರುವ ಮನೆಯಲ್ಲಿ ಹಬ್ಬ ಬಂದರೆ ಕೈ ತಾನಾಗಿಯೇ ಅರ್ಧಚಂದ್ರ ಮಡಿಚುತ್ತದೆ ಎಂದೇ ನನ್ನ ನಂಬಿಕೆ.

ಆದರೆ ನನ್ನ ಮನಸ್ಸು ನಿಂತದ್ದು ಸಿಸಿಲಿಯ ಅಂಜೂರದ ಬಿಸ್ಕತ್ತಿನ ಮೇಲೆ. ಅದಕ್ಕೊಂದು ಕಾರಣವಿದೆ. ಕ್ರಿ.ಶ. 827ರಲ್ಲಿ ಅರಬರು ಸಿಸಿಲಿಗೆ ಬಂದಿಳಿದರು. 1072ರಲ್ಲಿ ನಾರ್ಮನ್ನರು ಪಲೆರ್ಮೋವನ್ನು ಗೆದ್ದುಕೊಳ್ಳುವವರೆಗೆ ಆ ನಗರ ಅರಬರ ಕೈಯಲ್ಲಿತ್ತು. ಕಬ್ಬು, ನಿಂಬೆ, ಹುಳಿಕಿತ್ತಳೆ ಆ ದ್ವೀಪದ ತೋಟಗಳಲ್ಲಿ ಬೇರೂರಿದ್ದು ಅರಬರಿಂದ. ಒಂದು ಸಂಜೆ ಸಿಞೋರಾ ಡಬ್ಬಿ ತೋರಿಸಿ 'ತ್ಸುಕ್ಕೆರೋ' ಎಂದಾಗ ನನಗೆ ಥಟ್ಟನೆ ಹೊಳೆಯಿತು: ಸಂಸ್ಕೃತದ ಶರ್ಕರಾ ಪರ್ಷಿಯವನ್ನು ಹಾದು, ಅರಬ್ಬರ ನಾಲಗೆಯ ಮೇಲೆ ಸುಕ್ಕರ್ ಆಗಿ, ಸಿಸಿಲಿಯಲ್ಲಿ ತ್ಸುಕ್ಕೆರೋ ಆಯಿತು. ಅದೇ ಶರ್ಕರಾ ನಮ್ಮಲ್ಲಿ ಸಕ್ಕರೆ. ಅವರ ಕಿತ್ತಳೆ ಅರಾಂಚಾ ಕೂಡ ನಾರಂಗ ಎಂಬ ಮಾತಿನ ಮರಿಮಗಳೇ. ಮೆಣಸಿಗೆ ಅವರನ್ನುವ ಪೆಪೆ, ನಮ್ಮ ಹಿಪ್ಪಲಿಯ ದೂರದ ನೆಂಟ. ಭಾಷೆ ಬಾರದ ಊರಿನ ಅಡುಗೆಮನೆಯಲ್ಲಿ ನಿಂತಿದ್ದ ನನಗೆ ಆ ಮೂರು ಪದಗಳು ತವರಿನವರು ಬಂದು ಮಾತನಾಡಿಸಿದಂತೆ ಅನಿಸಿತ್ತು.

ಈಗ ಮಾಡುವ ಬಗೆಗೆ ಬರುತ್ತೇನೆ. ಕಾಗದ, ಪೆನ್ನು ಇದ್ದರೆ ಹತ್ತಿರ ಇಟ್ಟುಕೊಳ್ಳಿ.

ಹೂರಣಕ್ಕೆ 400 ಗ್ರಾಂ ಒಣ ಅಂಜೂರ. ಅಂಗಡಿಯಲ್ಲಿ ದಾರಕ್ಕೆ ಪೋಣಿಸಿದ ಹಾರದಂತೆ ಸಿಗುತ್ತದಲ್ಲ, ಅದೇ. ಒತ್ತಿದರೆ ಮೆತ್ತಗಿರಬೇಕು. ಕಲ್ಲಿನಂತಿದ್ದರೆ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಬಟ್ಟೆಯಲ್ಲಿ ಒರೆಸಿ, ತೊಟ್ಟು ತೆಗೆದುಬಿಡಿ. 100 ಗ್ರಾಂ ಒಣದ್ರಾಕ್ಷಿ, 100 ಗ್ರಾಂ ಹುರಿದ ಬಾದಾಮಿ, 50 ಗ್ರಾಂ ಆಕ್ರೋಟು, ಅಷ್ಟೇ ಕಪ್ಪು ಚಾಕೊಲೇಟಿನ ಚೂರು. ಒಂದು ಕಿತ್ತಳೆಯ ಸಿಪ್ಪೆಯ ಹೊರಪದರವನ್ನಷ್ಟೇ ತುರಿದು ಹಾಕಿ, ಒಳಗಿನ ಬಿಳಿ ಕಹಿ. ಎರಡು ದೊಡ್ಡ ಚಮಚ ಜೇನು, ಒಂದು ಚಿಕ್ಕ ಚಮಚ ದಾಲ್ಚಿನ್ನಿ ಪುಡಿ, ನಾಲ್ಕು ಲವಂಗದ ಪುಡಿ. ಅಲ್ಲಿನವರು ಮಾರ್ಸಾಲಾ ಎಂಬ ಸಿಹಿ ವೈನ್ ಬೆರೆಸುತ್ತಾರೆ. ನಾನು ಅದೇ ಕಿತ್ತಳೆಯ ರಸವನ್ನು ಒಲೆಯ ಮೇಲೆ ಅರ್ಧಕ್ಕೆ ಇಳಿಸಿ, ಆರಿಸಿ, ಸೇರಿಸುತ್ತೇನೆ. ರಸ ಹಾಕಿದರೆ ಭರಣಿ ಫ್ರಿಜ್ಜಿಗೆ ಹೋಗಬೇಕು, ತಿರುವುವಾಗ ಮಾತ್ರ ಹೊರಗೆ. ಸಿಸಿಲಿಯಲ್ಲಿ ಕುಂಬಳ ಜಾತಿಯ ಕಾಯಿಯನ್ನು ಸಕ್ಕರೆ ಪಾಕದಲ್ಲಿ ಹದಗೊಳಿಸಿದ ತ್ಸುಕ್ಕಾತಾ ಕೂಡ ಬೀಳುತ್ತದೆ. ನಮ್ಮ ಬೂದುಗುಂಬಳದ ಪೇಟಾ ಆ ಜಾಗವನ್ನು ಚೆನ್ನಾಗಿ ತುಂಬುತ್ತದೆ.

ದಯವಿಟ್ಟು ಮಿಕ್ಸಿಗೆ ಹಾಕಬೇಡಿ. ಮಿಕ್ಸಿಯಲ್ಲಿ ಅಂಜೂರ ಅಂಟಾಗುತ್ತದೆ, ಅದರ ಬೀಜ ಹಲ್ಲಿಗೆ ಸಿಗುವ ಸುಖ ಹೋಗುತ್ತದೆ. ಈಳಿಗೆಮಣೆಯೋ ಚಾಕುವೋ, ಕೂತು ಹೆಚ್ಚಿ. ಒಂದು ವಾರ ಇಡಲು ಬಿಡುವಿಲ್ಲದಿದ್ದರೆ ಒಂದು ರಾತ್ರಿಯಾದರೂ ಇಡಿ. ಆ ಹೊತ್ತಿನಲ್ಲಿ ಹಣ್ಣುಗಳು ಜೇನನ್ನು ಹೀರಿ ಮೆದುವಾಗುತ್ತವೆ, ಲವಂಗದ ಖಾರ ಇಳಿದು ಬರಿಯ ಕಂಪು ಉಳಿಯುತ್ತದೆ.

ಹೊರಗಿನ ಕಣಕಕ್ಕೆ 500 ಗ್ರಾಂ ಮೈದಾ, 150 ಗ್ರಾಂ ತಣ್ಣನೆಯ ಬೆಣ್ಣೆ, 150 ಗ್ರಾಂ ಪುಡಿಸಕ್ಕರೆ, ಒಂದು ಚಿಕ್ಕ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಎರಡು ಮೊಟ್ಟೆ. ಮೊಟ್ಟೆ ಬೇಡವೆನ್ನುವವರು ತಣ್ಣನೆಯ ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕಲಸಬಹುದು, ನಮ್ಮ ಅತ್ತೆಗೆ ನಾನು ಹಾಗೆಯೇ ಮಾಡಿಕೊಡುತ್ತೇನೆ. ಅಲ್ಲಿ ಹಳೆಯ ಕಾಲದವರು ಹಂದಿಯ ಕೊಬ್ಬನ್ನು ಹಾಕುತ್ತಾರೆ, ಇಲ್ಲಿ ಬೆಣ್ಣೆ ಸಾಕು. ತುಪ್ಪ ಹಾಕಿ ನೋಡಿದ್ದೇನೆ. ರುಚಿಯೇನೋ ಬಂತು, ಆದರೆ ತುಪ್ಪದ ಪರಿಮಳ ಅಂಜೂರದ ಮೇಲೆ ಕಂಬಳಿ ಹೊದಿಸಿದಂತಾಯಿತು. ಬೆಣ್ಣೆಯನ್ನು ಮೈದಾದಲ್ಲಿ ಬೆರಳ ತುದಿಯಿಂದ ಉಜ್ಜಿ, ರವೆಯಂತಾದ ಮೇಲೆ ಉಳಿದದ್ದು ಸೇರಿಸಿ. ಚಪಾತಿ ಹಿಟ್ಟಿನಂತೆ ನಾದಬಾರದು, ಒಂದುಗೂಡಿದರೆ ಸಾಕು. ಫ್ರಿಜ್ಜಿನಲ್ಲಿ ಒಂದು ಗಂಟೆ ಇಟ್ಟರೆ ಬೆಣ್ಣೆ ಗಟ್ಟಿಯಾಗುತ್ತದೆ, ಲಟ್ಟಿಸುವಾಗ ಹಿಟ್ಟು ಹಿಂದಕ್ಕೆ ಸೆಳೆಯುವುದಿಲ್ಲ.

ಆಮೇಲೆ ನಾಲ್ಕು ಬೆರಳಗಲದ ಉದ್ದ ಪಟ್ಟಿಯಾಗಿ ಲಟ್ಟಿಸಿ, ನಡುವೆ ಹೆಬ್ಬೆರಳು ದಪ್ಪದ ಹೂರಣವನ್ನು ಸಾಲಾಗಿ ಇಟ್ಟು, ಎರಡೂ ಅಂಚು ಸೇರಿಸಿ ಸುತ್ತಿ, ಸೇರಿದ ಭಾಗವನ್ನು ಕೆಳಗೆ ಮಾಡಿ. ಎರಡು ಅಂಗುಲಕ್ಕೊಂದರಂತೆ ಓರೆಯಾಗಿ ಕತ್ತರಿಸಿ, ಬೆನ್ನಿನ ಮೇಲೆ ಚಾಕುವಿನಿಂದ ಎರಡೆರಡು ಗೀರು ಹಾಕಿ. ಬೇಯುವಾಗ ಆ ಗೀರು ಬಾಯಿಬಿಟ್ಟು ಹೂರಣ ಇಣುಕುತ್ತದೆ. ಸಿಞೋರಾ ಬಳಿ ಚಿಮಟದಂಥ ಪುಟ್ಟ ಸಾಧನವಿತ್ತು, ತುದಿಯಲ್ಲಿ ಹಲ್ಲುಗಳು. ಅದರಿಂದ ಹಿಟ್ಟಿನ ಮೈಯನ್ನು ಚಿವುಟಿ ಚಿವುಟಿ ಗೋಧಿ ತೆನೆಯ ಚಿತ್ತಾರ ಎಬ್ಬಿಸುತ್ತಿದ್ದರು. ನಮ್ಮ ಕರಿಗಡಬಿನ ಅಂಚು ಕತ್ತರಿಸುವ ಹಲ್ಲುಚಕ್ರವನ್ನು ಅವರಿಗೆ ಕೊಟ್ಟಾಗ, ತಿರುಗಿಸಿ ತಿರುಗಿಸಿ ನೋಡಿ, ಸೊಂಟದ ಬಟ್ಟೆಯಲ್ಲಿ ಒರೆಸಿ, ತಮ್ಮ ಚಿಮಟದ ಪಕ್ಕದಲ್ಲೇ ಇಟ್ಟುಕೊಂಡರು.

ಒವನ್ 180 ಡಿಗ್ರಿಗೆ ಕಾದಿರಲಿ, ತಟ್ಟೆ ನಡುವಿನ ಅಂತಸ್ತಿನಲ್ಲಿ, 20 ನಿಮಿಷದ ಆಸುಪಾಸು. ಮೇಲೆ ತಿಳಿಹಳದಿ, ತಳ ಹೊಂಬಣ್ಣ. ಒಂದನ್ನು ಎತ್ತಿ ತಳ ನೋಡುವುದೇ ಸರಿಯಾದ ಪರೀಕ್ಷೆ. ಇಷ್ಟು ಹಿಟ್ಟಿಗೆ ಸುಮಾರು 50 ಬಿಸ್ಕತ್ತು.

ಇನ್ನು ಅಲಂಕಾರ. ನನ್ನ ಪ್ರಾಣ ಇರುವುದು ಇಲ್ಲಿ. ಮೊದಲ ವರ್ಷ ನಾನು ತಾಳ್ಮೆಗೆಟ್ಟು ಬಿಸಿ ಬಿಸ್ಕತ್ತಿನ ಮೇಲೆಯೇ ಸಕ್ಕರೆಯ ಮುಸುಕು ಸುರಿದೆ. ಅದು ಕರಗಿ, ಗಾಜಿನಂತೆ ಪಾರದರ್ಶಕವಾಗಿ, ಪಕ್ಕಕ್ಕೆ ಹರಿದು ತಟ್ಟೆಗೆ ಅಂಟಿತು. ಬಣ್ಣದ ಮಣಿಗಳು ಕೆಂಪು, ಹಸಿರು ನೀರಾಗಿ ಇಳಿದವು. ನಾನು ಅಳುವುದೊಂದು ಬಾಕಿ. ಸಿಞೋರಾ ತಮ್ಮ ಅಂಗೈಯನ್ನು ನನ್ನ ಕೆನ್ನೆಗೆ ಒತ್ತಿ, ಅದೇ ಅಂಗೈಯನ್ನು ಬಿಸ್ಕತ್ತಿನ ಮೇಲಿಟ್ಟು ತೋರಿಸಿದರು: ಕೆನ್ನೆಗಿಂತ ತಣ್ಣಗಿರಬೇಕು. ಅಂದಿನಿಂದ ನಾನು ಗಡಿಯಾರ ನೋಡುವುದಿಲ್ಲ, ಕೆನ್ನೆ ಮುಟ್ಟಿಕೊಳ್ಳುತ್ತೇನೆ.

200 ಗ್ರಾಂ ಐಸಿಂಗ್ ಸಕ್ಕರೆಗೆ ಒಂದು ದೊಡ್ಡ ಚಮಚ ನಿಂಬೆರಸ, ಆಮೇಲೆ ನೀರು ಹನಿಹನಿಯಾಗಿ. ಮನೆಯಲ್ಲೇ ಪುಡಿಮಾಡಿದ ಸಕ್ಕರೆಯಾದರೆ ತೆಳುಬಟ್ಟೆಯಲ್ಲಿ ಎರಡು ಸಲ ಸೋಸಿ, ಇಲ್ಲದಿದ್ದರೆ ಮುಸುಕು ಮರಳುಮರಳಾಗುತ್ತದೆ. ಹದ ಹೇಗಿರಬೇಕು? ದೋಸೆ ಹಿಟ್ಟಿಗಿಂತ ಗಟ್ಟಿ, ಇಡ್ಲಿ ಹಿಟ್ಟಿಗಿಂತ ನುಣುಪು. ಚಮಚ ಎತ್ತಿದಾಗ ಬೀಳುವ ಎಳೆ ಬಟ್ಟಲಿನಲ್ಲಿ ಗೆರೆಯಾಗಿ ನಿಂತು, ಹತ್ತು ಎಣಿಸುವಷ್ಟರಲ್ಲಿ ಕರಗಿ ಸಮವಾಗಬೇಕು. ಬಿಸ್ಕತ್ತಿನ ಬೆನ್ನನ್ನಷ್ಟೇ ಅದರಲ್ಲಿ ಅದ್ದಿ, ಒಮ್ಮೆ ಒದರಿ, ಮೇಲ್ಮುಖವಾಗಿ ಇಡಿ. ಮುಸುಕು ಬೇಗ ಕೆನೆಗಟ್ಟುತ್ತದೆ, ಕೆನೆಗಟ್ಟಿದ ಮೇಲೆ ಮಣಿ ಅಂಟುವುದಿಲ್ಲ, ಉರುಳಿ ಹೋಗುತ್ತದೆ. ಅದಕ್ಕೇ ಇದು ಇಬ್ಬರ ಕೆಲಸ. ಒಬ್ಬರು ಅದ್ದುತ್ತಿರಬೇಕು, ಇನ್ನೊಬ್ಬರು ಉದುರಿಸುತ್ತಿರಬೇಕು. ಉದುರಿಸುವ ಕೆಲಸ ಮಕ್ಕಳದು, ಪಲೆರ್ಮೋದಲ್ಲೂ, ನಮ್ಮ ಮನೆಯಲ್ಲೂ. ಆ ಬಣ್ಣದ ಸಕ್ಕರೆ ಮಣಿಗಳಿಗೆ ಅಲ್ಲಿ ದಿಯಾವೊಲಿನಾ, ಪುಟಾಣಿ ಸೈತಾನ, ಎಂದು ಹೆಸರು. ನೆಲದ ಮೇಲೆ ಬಿದ್ದು ಮೂಲೆಮೂಲೆ ಸೇರಿದ ಅವನ್ನು ಸಂಕ್ರಾಂತಿಯವರೆಗೂ ಗುಡಿಸಿದ್ದೇನೆ, ಹೆಸರು ಸುಳ್ಳಲ್ಲ.

ಪಲೆರ್ಮೋದಲ್ಲಿ ಈ ಕೆಲಸ ಡಿಸೆಂಬರ್ 8ರ ಮಾತೆ ಮರಿಯಮ್ಮನ ಹಬ್ಬದ ಹೊತ್ತಿಗೆ ಶುರುವಾಗುತ್ತಿತ್ತು. 13ರಂದು ಒಂದು ದಿನ ಬಿಡುವು. ಅಂದು ಸಂತ ಲೂಚಿಯಾ ದಿನ, ಊರಿಗೆ ಊರೇ ಬ್ರೆಡ್ಡು, ಪಾಸ್ತಾ ಮುಟ್ಟುವುದಿಲ್ಲ. ಬೇಯಿಸಿದ ಇಡೀ ಗೋಧಿ, ಅನ್ನದ ಕರಿದುಂಡೆ ಅಂದಿನ ಊಟ. ಬರಗಾಲದಲ್ಲಿ ಹಡಗು ತುಂಬ ಧಾನ್ಯ ಬಂದ ಕಥೆಯನ್ನು ನೆನೆದು ಹಾಗೆ ಮಾಡುತ್ತಾರೆ. 14ಕ್ಕೆ ಮತ್ತೆ ಮೈದಾದ ಚೀಲ ಬಿಚ್ಚುತ್ತಿತ್ತು. ಕ್ರಿಸ್‌ಮಸ್ಸಿಗೆ ಎರಡು ದಿನ ಇರುವಾಗ ತಟ್ಟೆಗಳು ಹೊರಡುತ್ತಿದ್ದವು, ಮೇಲಿನ ಮಹಡಿಗೆ, ಕೆಳಗಿನ ಮಹಡಿಗೆ, ಔಷಧದ ಅಂಗಡಿಗೆ. ಕಸೂತಿಯ ಬಟ್ಟೆ ಮುಚ್ಚಿದ ತಟ್ಟೆ ಹಿಡಿದು ಮೆಟ್ಟಿಲೇರುವಾಗ ನನಗೆ ಎಳ್ಳು ಬೀರಲು ಹೊರಟ ನೆನಪು. ಮಂಗಳೂರಿನ ಕ್ರೈಸ್ತರ ಮನೆಗಳಿಂದ ಕುಸ್ವಾರಿನ, ಅಂದರೆ ಕ್ರಿಸ್‌ಮಸ್ ತಿಂಡಿಗಳ, ತಟ್ಟೆ ಪಡೆದವರಿಗೂ ಈ ಸಂಭ್ರಮ ಗೊತ್ತು. ಪಲೆರ್ಮೋದಲ್ಲಿಯೂ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ನಾನು ಮೊದಲ ವರ್ಷ ಕೊಬ್ಬರಿ ಮಿಠಾಯಿ ಇಟ್ಟು ಕಳಿಸಿದ್ದೆ.

ಅದ್ದಿಟ್ಟ ಬಿಸ್ಕತ್ತುಗಳನ್ನು ರಾತ್ರಿಯೆಲ್ಲ ಹಾಗೆಯೇ ಹರಡಿ ಬಿಡಿ, ಫ್ಯಾನಿನ ಕೆಳಗೆ ಬೇಡ, ಮುಚ್ಚುವುದೂ ಬೇಡ. ಬೆಳಿಗ್ಗೆ ಉಗುರಿನಿಂದ ತಟ್ಟಿದರೆ ಟಕ್ಕೆನ್ನಬೇಕು. ಆಮೇಲೆ ಡಬ್ಬಿಗೆ, ಪದರದ ನಡುವೆ ಬೆಣ್ಣೆ ಕಾಗದ. ಹತ್ತು ಹದಿನೈದು ದಿನ ಕೆಡುವುದಿಲ್ಲ, ಮೂರನೆಯ ದಿನದ ರುಚಿ ಮೊದಲ ದಿನಕ್ಕಿಂತ ಮೇಲು.

ಕಳೆದ ವರ್ಷ ಇಲ್ಲಿ ನನಗೆ ಆ ಸಕ್ಕರೆ ಮಣಿ ಸಿಗಲಿಲ್ಲ. ಸಂಕ್ರಾಂತಿ ಎಳ್ಳಿಗೆ ಬೆರೆಸುವ ಬಣ್ಣಬಣ್ಣದ ಜೀರಿಗೆ ಪೆಪ್ಪರಮಿಂಟನ್ನೇ ಉದುರಿಸಿ, ಫೋಟೊ ತೆಗೆದು ಸಿಞೋರಾಗೆ ಕಳಿಸಿದೆ. ಸಂಜೆಯೇ ಅವರ ಮೊಮ್ಮಗಳ ಮೊಬೈಲಿನಿಂದ ಕರೆ ಬಂತು. ಬಿಸ್ಕತ್ತನ್ನು ಹತ್ತಿರ ಹಿಡಿ ಎಂದರು. ಇನ್ನೂ ಹತ್ತಿರ ಎಂದರು. ತಳ ತಿರುಗಿಸಿ ತೋರಿಸು ಎಂದರು. ತಳದ ಬಣ್ಣ ಒಪ್ಪಿಗೆಯಾಯಿತು. ಆಮೇಲೆ ಮೇಲಿರುವ ಕಾಳು ಏನು ಎಂದು ಕೇಳಿದರು. ಒಳಗೆ ಜೀರಿಗೆ, ಹೊರಗೆ ಸಕ್ಕರೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಫಿಗ್ಗಿಯಾ ಮಿಯಾ, ನನಗೂ ಒಂದಿಷ್ಟು ಕಳಿಸು' ಎಂದರು. ಪಲೆರ್ಮೋಗೆ ಓದಲು ಹೊರಟಿದ್ದ ಹುಡುಗಿಯೊಬ್ಬಳ ಕೈಯಲ್ಲಿ ಕಾಲು ಕಿಲೋ ಕಟ್ಟಿಸಿ ಕಳಿಸಿದ್ದೇನೆ.

ನಮಸ್ಕಾರ.